ಕಡತದ ಹೆಸರನ್ನು ನಂಬದ ಲಿಬ್‌ಮ್ಯಾಜಿಕ್

ಸಾಗರದ ಸುತ್ತಲಿನ ಅಡಿಕೆ ಬೆಳೆಗಾರರು ಪಹಣಿ, ತೂಕದ ಚೀಟಿಗಳನ್ನು ಬ್ರೌಸರ್ ಮೂಲಕ ಕಳುಹಿಸುವ ನಮ್ಮ ಪುಟ್ಟ ಜಾಲತಾಣದಲ್ಲಿ ಕಳೆದ ಮಳೆಗಾಲದಿಂದ ಕಡತದ ಬಗೆಯನ್ನು ಗುರುತಿಸುವ ಲಿಬ್‌ಮ್ಯಾಜಿಕ್ ಎಂಬ ಉಚಿತ ತಂತ್ರಾಂಶವನ್ನು ಬಳಸುತ್ತಿದ್ದೇನೆ. ಬ್ರೌಸರ್ ತಿಳಿಸುವ ಕಡತದ ಬಗೆಯು ಬಹುಮಟ್ಟಿಗೆ ಹೆಸರಿನ ಕೊನೆಯ ವಿಸ್ತರಣೆಯನ್ನೇ (.pdf, .jpg ಮುಂತಾದವು) ಆಧರಿಸಿರುವುದರಿಂದ ಹೆಸರು ಬದಲಿಸಿದರೆ ಅದೂ ಬದಲಾಗುತ್ತದೆ. ಲಿಬ್‌ಮ್ಯಾಜಿಕ್ ಹಾಗಲ್ಲದೆ ಒಳಗಿನ ಬೈಟುಗಳನ್ನೇ ಓದುತ್ತದೆ, ಉದಾಹರಣೆಗೆ ಪಿಎನ್‌ಜಿ ಚಿತ್ರಕ್ಕೆ ಮೊದಲ 8 ಬೈಟುಗಳೇ ಸಹಿ, ಅಂದರೆ ಬಗೆಯನ್ನು ತೋರಿಸುವ ಗುರುತು. ಪಿಡಿಎಫ್ ಎಂಬ ಹೆಸರು ಹೊತ್ತು ಬಂದ ಮೊಬೈಲ್ ಫೋಟೊಗಳು ಈಗ ಬಾಗಿಲಲ್ಲೇ ಸಿಕ್ಕಿಬೀಳುತ್ತವೆ (ಹೆಸರು ಬದಲಿಸಿದವರು ಬಹುಪಾಲು ಅಮಾಯಕರೇ). ಆದರೆ ವರ್ಡ್‌ನ ಡಾಕ್‌ಎಕ್ಸ್ ಕಡತವು ಮೂಲತಃ ಜಿಪ್ (ಹಲವು ಕಡತಗಳನ್ನು ಒತ್ತಿ ಕಟ್ಟಿದ ಗಂಟು) ಆದುದರಿಂದ, ಆರಂಭದ ಕೆಲವೇ ಬೈಟುಗಳನ್ನು ಕೊಟ್ಟರೆ ಜಿಪ್ ಎಂದಷ್ಟೇ ಹೇಳೀತು. ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸರಳ ಪಠ್ಯದ ಪಟ್ಟಿಯಾದ ಸಿಎಸ್‌ವಿಗಂತೂ ಸಹಿಯೇ ಇಲ್ಲ. ಅಲ್ಲಿ ವಿಸ್ತರಣೆಯನ್ನೂ ನೋಡಿ, ಕಡತವನ್ನು ತೆರೆದು ಸಾಲುಗಳನ್ನು ಪರೀಕ್ಷಿಸುವ ಕೆಲಸ ನಮ್ಮ ಪಾಲಿಗೇ ಉಳಿಯುತ್ತದೆ.