ಥೀಮ್ ಪಾರ್ಕಿನ ಟೆಕ್ನಾಲಜಿ ಹಾಲ್‌ಗೆ ಬೇರೆ ಟಿಕೆಟ್ ತಗೊಳ್ಳುವ ಮುಂಚೆ ಇದನ್ನು ಓದಿ

ನನ್ನ ತಮ್ಮ ನಿನ್ನೆ ರಾತ್ರಿ ಫೋನ್ ಮಾಡಿ, "ಅಕ್ಕಾ, ನೀನು ಹಾಕಿದ ಫೋಟೋ ನೋಡಿ ನಾವೂ ನಾಲ್ಕು ಟಿಕೆಟ್ ಬುಕ್ ಮಾಡಿದ್ವಿ" ಅಂದ. ನನ್ನ ಎದೆ ಧಸಕ್ಕಂತು. ಆ ಫೋಟೋ ನಾನು ಹಾಲ್‌ನ ಬಾಗಿಲಲ್ಲಿ ನಿಂತು ತೆಗೆದದ್ದು. ಒಳಗೆ ಹೋಗುವ ಮುಂಚೆ. ಒಳಗೆ ಏನಾಯ್ತು ಅಂತ ಮನೆಯವರ ಗುಂಪಿನಲ್ಲಿ ನಾನು ಒಂದು ಮಾತೂ ಬರೆದಿರಲಿಲ್ಲ. ನಾಚಿಕೆ ಆಗಿತ್ತು. ಸುಮ್ನೆ ಇದ್ದುಬಿಟ್ಟೆ. ಈಗ ನೋಡಿದರೆ ನನ್ನ ಫೋಟೋ ನೋಡಿ ನನ್ನ ತಮ್ಮನೇ ದುಡ್ಡು ಕಳೆದುಕೊಳ್ಳುತ್ತಿದ್ದಾನೆ. ಅದಕ್ಕೇ ಎಲ್ಲವನ್ನೂ ಬರೆಯುತ್ತಿದ್ದೇನೆ. ಪಾರ್ಕಿನ ಹೆಸರು ಬರೆಯುವುದಿಲ್ಲ. ಇಂಥ ಹಾಲ್ ಒಂದು ಕಡೆ ಮಾತ್ರ ಇದ್ದಿದ್ದರೆ ಈ ಬರಹವೇ ಬೇಕಿರಲಿಲ್ಲ.

ಪಾರ್ಕ್ ಅಂದರೆ ಹೇಗಿರುತ್ತೆ ಅಂತ ನಿಮಗೆಲ್ಲ ಗೊತ್ತಲ್ವಾ. ಗೇಟಿನಲ್ಲಿ ದುಡ್ಡು ಕೊಟ್ಟರೆ ಕೈಗೆ ಒಂದು ಪಟ್ಟಿ ಕಟ್ಟುತ್ತಾರೆ, ಆಮೇಲೆ ಎಲ್ಲಾ ರೈಡೂ ಅದರಲ್ಲೇ ಬಂತು. ಇಲ್ಲಿಯೂ ಹಾಗೇ. ಆದರೆ ಪಾರ್ಕಿನ ನಟ್ಟನಡುವೆ ಒಂದು ದೊಡ್ಡ ಬಿಳಿ ಕಟ್ಟಡ, ಅದಕ್ಕೆ ಬೇರೆ ಕೌಂಟರ್, ಬೇರೆ ಟಿಕೆಟ್. ತಲೆಗೆ ಗೇಟ್ ಟಿಕೆಟ್‌ನ ಅರ್ಧದಷ್ಟು. ಬೋರ್ಡಿನಲ್ಲಿ ನಾಲ್ಕು ಹೆಸರು: ಹೊಲೊಗ್ರಾಮ್ ಲೋಕ, ಮಾತಾಡುವ ಎಐ ರೋಬೋಟ್, ವಿಆರ್ ಬಾಹ್ಯಾಕಾಶ ಯಾನ (ಕಣ್ಣಿಗೆ ಪರದೆ ಕಟ್ಟಿಕೊಂಡು ನೋಡುವುದು), ನಾಳಿನ ಮನೆ.

ನಮ್ಮನೆಯವರು "ಮೊದಲು ರೈಡ್ ಮುಗಿಸೋಣ, ಇದನ್ನ ಆಮೇಲೆ ನೋಡೋಣ" ಅಂದರು. ನಾನೇ ಕೇಳಲಿಲ್ಲ. ಮಗನಿಗೆ 10 ವರ್ಷ. ರೋಬೋಟ್ ಅಂದರೆ ಪ್ರಾಣ. ಹಳೇ ಆಟಿಕೆ ಬಿಚ್ಚಿ ಮೋಟರ್ ತೆಗೆದು ರಟ್ಟಿನ ಡಬ್ಬಕ್ಕೆ ಕಟ್ಟಿ ಓಡಿಸುವ ಹುಡುಗ. ರೈಡ್ ಬರೀ ಆಟ, ಇದು ಕಲಿಕೆ, ಅವನಿಗೆ ಉಪಯೋಗ ಆಗುತ್ತೆ ಅಂತ ನಾನು ಹಟ ಮಾಡಿದೆ. ಕೌಂಟರಿನಲ್ಲಿ ಕೇಳಿದೆ ಕೂಡ. "ಎಲ್ಲಾ ಓಡ್ತಾ ಇದೆಯಾ?" "ಇದೆ ಮೇಡಂ, ಎಲ್ಲಾ ಲೈವ್." ದುಡ್ಡು ಕೊಟ್ಟೆವು. ಸಾಲಿನಲ್ಲಿ ಐವತ್ತು ನಿಮಿಷ ನಿಂತೆವು. ನಮ್ಮ ಪಕ್ಕದ ಬಾಗಿಲಿಂದ ಜನ ಹೊರಗೆ ಬರುತ್ತಿದ್ದರು. ಯಾರ ಮುಖದಲ್ಲೂ ನಗು ಇರಲಿಲ್ಲ. ಆಗ ಅದು ನನ್ನ ಗಮನಕ್ಕೆ ಬಂದಿತ್ತು, ಆದರೂ ಯಾರನ್ನೂ ಕೇಳಲಿಲ್ಲ.

ಮೊದಲು ಹೊಲೊಗ್ರಾಮ್, ಅಂದರೆ ನಿಜವಾದ ವಸ್ತುವಿನ ಹಾಗೆ ಉಬ್ಬಿ ಕಾಣುವ ಬೆಳಕಿನ ಚಿತ್ರ. ಕತ್ತಲ ಕೋಣೆ, ಗಾಜಿನ ಪೆಟ್ಟಿಗೆಯೊಳಗೆ ಡೈನೋಸಾರ್ ತಿರುಗುತ್ತಿತ್ತು. ಎದುರಿಂದ ನೋಡಿದರೆ ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ಮಗ ಪಕ್ಕಕ್ಕೆ ಸರಿದು ಬಗ್ಗಿ ನೋಡಿದ. ಪಕ್ಕದಿಂದ ಡೈನೋಸಾರ್ ಕಾಗದದ ಹಾಗೆ ಚಪ್ಪಟೆ. "ಅಮ್ಮಾ, ಇಲ್ಲಿ ಓರೆಯಾಗಿ ಗಾಜಿದೆ. ಕೆಳಗೆ ಟಿವಿ ಮಲಗಿಸಿದ್ದಾರೆ" ಅಂದ. ಹೌದು. ಕೆಳಗಿರುವ ಪರದೆಯ ಚಿತ್ರ ಓರೆ ಗಾಜಿನಲ್ಲಿ ಪ್ರತಿಫಲಿಸುತ್ತೆ, ಹಿಂದೆ ಕತ್ತಲು ಇರುವುದರಿಂದ ಗಾಳಿಯಲ್ಲಿ ತೇಲಿದ ಹಾಗೆ ಕಾಣುತ್ತೆ, ಅಷ್ಟೇ. ಮನೆಗೆ ಬಂದು ಓದಿದೆ. ಇದಕ್ಕೆ ಪೆಪ್ಪರ್ಸ್ ಘೋಸ್ಟ್ ಅಂತಾರೆ. 1862ರಲ್ಲಿ ಲಂಡನ್ನಿನಲ್ಲಿ ಜಾನ್ ಹೆನ್ರಿ ಪೆಪ್ಪರ್ ಅನ್ನುವವರು ರಂಗದ ಮೇಲೆ ಭೂತ ತೋರಿಸಲು ಬಳಸಿದ ಉಪಾಯ. ನಿಜವಾದ ಹೊಲೊಗ್ರಾಮ್ ಬೇರೆಯೇ. ಅದನ್ನು ಕಂಡುಹಿಡಿದದ್ದು ಡೆನಿಸ್ ಗಾಬೋರ್, 1947ರಲ್ಲಿ. ಅದಕ್ಕೇ ಅವರಿಗೆ 1971ರಲ್ಲಿ ನೊಬೆಲ್ ಬಂತು. ಅದರಲ್ಲಿ ನೀವು ತಲೆ ಸರಿಸಿದರೆ ವಸ್ತುವಿನ ಇನ್ನೊಂದು ಮಗ್ಗುಲು ಕಾಣುತ್ತೆ. ಇಲ್ಲಿ ಕಂಡದ್ದು ಟಿವಿಯ ಅಂಚು.

ಗಾಜಿನ ಉಪಾಯ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಡಿಸ್ನಿಲ್ಯಾಂಡಿನಲ್ಲಿ 1969ರಿಂದ ಇರುವ ಭೂತದ ಬಂಗಲೆಯಲ್ಲೂ ಇದನ್ನೇ ಬಳಸಿದ್ದಾರೆ. ಆದರೆ ಅಲ್ಲಿ ಭೂತ ಅಂತ ಹೇಳಿ ಭೂತ ತೋರಿಸುತ್ತಾರೆ. ಇಲ್ಲಿ ಮಕ್ಕಳಿಗೆ ಇದೇ ಹೊಲೊಗ್ರಾಮ್, ಇದೇ ನಾಳಿನ ತಂತ್ರಜ್ಞಾನ ಅಂತ ಬೋರ್ಡ್ ಹಾಕಿದ್ದಾರೆ. ಹೇಗೆ ಆಗುತ್ತೆ ಅಂತ ಒಂದು ಸಾಲಿನ ವಿವರಣೆಯೂ ಇಲ್ಲ. ಕಲಿಯಲಿ ಅಂತ ಕರೆದುಕೊಂಡು ಹೋದ ಮಗುವಿಗೆ ತಪ್ಪು ಹೇಳಿಕೊಟ್ಟ ಹಾಗಾಯ್ತು.

ಈಗ ರೋಬೋಟ್. ಇದನ್ನು ಬರೆಯುವಾಗ ಈಗಲೂ ನನ್ನ ಮೈ ಉರಿಯುತ್ತೆ.

ಸಣ್ಣ ವೇದಿಕೆ. ಬಿಳಿ ಬಣ್ಣದ, ಮಗನಷ್ಟೇ ಎತ್ತರದ ರೋಬೋಟ್. ಕಣ್ಣಿನಲ್ಲಿ ನೀಲಿ ದೀಪ. ನಿರೂಪಕಿ ಮೈಕ್ ಹಿಡಿದು "ಇದು ಕೃತಕ ಬುದ್ಧಿಮತ್ತೆಯಿಂದ ತಾನೇ ಯೋಚನೆ ಮಾಡುತ್ತೆ, ಏನು ಬೇಕಾದರೂ ಕೇಳಿ" ಅಂದರು. ರೋಬೋಟ್ ನೇರ ನನ್ನ ಮಗನ ಕಡೆ ತಿರುಗಿ "ನೀಲಿ ಶರ್ಟ್ ಪುಟ್ಟಾ, ನಿನ್ನ ಹೆಸರೇನಪ್ಪಾ?" ಅಂತು. ಅವನ ಮುಖ ಆಗ ಹೇಗೆ ಅರಳಿತ್ತು ಅಂದರೆ, ಆ ಒಂದು ಕ್ಷಣಕ್ಕೆ ದುಡ್ಡು ಸಾರ್ಥಕ ಆಯ್ತು ಅನ್ನಿಸಿತು ನನಗೆ. ನನ್ನ ಮಗನನ್ನು ರೋಬೋಟ್ ಗುರುತಿಸಿತು ಅಂತ ನಮ್ಮನೆಯವರ ಕೈ ಹಿಡಿದು ಅಲುಗಾಡಿಸಿದೆ. ನಂಬಿಬಿಟ್ಟಿದ್ದೆ. ಪೂರ್ತಿ ನಂಬಿಬಿಟ್ಟಿದ್ದೆ.

ಮಗ ಕೇಳಿದ, "17 ಇಂಟು 23 ಎಷ್ಟು?"

ರೋಬೋಟ್ ಸುಮ್ಮನಾಯ್ತು. ಆಮೇಲೆ "ರಜಾ ದಿನ ಲೆಕ್ಕ ಯಾಕಪ್ಪಾ, ಒಂದು ಹಾಡು ಹೇಳು" ಅಂತು. ಜನ ನಕ್ಕರು. ಮಗ ನಗಲಿಲ್ಲ. ಕಂಪ್ಯೂಟರಿಗೆ 391 ಅನ್ನೋಕೆ ಎಷ್ಟು ಹೊತ್ತು ಬೇಕು ಅಂತ ಅವನಿಗೂ ಗೊತ್ತು. ಮುಂದಿನ ಮಗು ಏನೋ ಕೇಳುತ್ತಿತ್ತು. ಆಗ ರೋಬೋಟ್ ಕೆಮ್ಮಿತು. ಒಂದು ಸಲ ಅಲ್ಲ. ಗಂಟಲು ಕಟ್ಟಿದವರು ಕೆಮ್ಮುವ ಹಾಗೆ ಮೂರು ನಾಲ್ಕು ಸಲ. ಸ್ಪೀಕರಿನಲ್ಲಿ ದೊಡ್ಡದಾಗಿ.

"ಅಮ್ಮಾ, ರೋಬೋಟ್ ಯಾಕೆ ಕೆಮ್ಮುತ್ತೆ?"

ನಾನು ಏನು ಹೇಳಲಿ? ಅಷ್ಟರಲ್ಲಿ ಒಬ್ಬ ಹುಡುಗ ನೀರಿನ ಬಾಟಲಿ ಹಿಡಿದು ವೇದಿಕೆಯ ಪಕ್ಕದ ಕಪ್ಪು ಬಾಗಿಲು ತೆಗೆದ. ನಾವು ಅದರ ಪಕ್ಕದಲ್ಲೇ ನಿಂತಿದ್ದೆವು. ಒಳಗೆ ಸಣ್ಣ ಕೋಣೆ, ಎರಡು ಪರದೆ, ಒಂದು ಪರದೆಯಲ್ಲಿ ನಾವೇ ಕಾಣುತ್ತಿದ್ದೆವು. ಮುಂದೆ ಒಬ್ಬ ಯುವಕ, ಬಾಯಿಗೆ ಮೈಕ್ ಇಟ್ಟುಕೊಂಡು ಕುರ್ಚಿಯಲ್ಲಿ ಕೂತಿದ್ದ. ಬಾಗಿಲು ಮುಚ್ಚಿತು. ಎಲ್ಲಾ ಸೇರಿ ಮೂರು ಸೆಕೆಂಡ್ ಇರಬಹುದು. ಮಗ ನೋಡಿದ. ನೋಡಿ ನನ್ನ ಮುಖ ನೋಡಿದ. ಏನೂ ಹೇಳಲಿಲ್ಲ. ಅವನು ಏನಾದರೂ ಹೇಳಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ಆ ಯುವಕನ ಮೇಲೆ ನನಗೆ ಸಿಟ್ಟಿಲ್ಲ. ದಿನವಿಡೀ ಆ ಕೋಣೆಯಲ್ಲಿ ಕೂತು ಮಾತಾಡಿ ಗಂಟಲು ಹೋಗಿರುತ್ತೆ ಪಾಪ. ಸಿಟ್ಟಿರುವುದು "ತಾನೇ ಯೋಚನೆ ಮಾಡುತ್ತೆ" ಅಂದ ಮಾತಿನ ಮೇಲೆ. ಹಿಂದೆ ಮನುಷ್ಯ ಕೂತು ಬೊಂಬೆ ಆಡಿಸುವುದು ಹಳೇ ವಿದ್ಯೆ. 1770ರಲ್ಲಿ ಕೆಂಪೆಲೆನ್ ಅನ್ನುವವರು ಚೆಸ್ ಆಡುವ ಯಂತ್ರ ಅಂತ ತೋರಿಸಿದ್ದರು, ಪೆಟ್ಟಿಗೆಯೊಳಗೆ ಚೆಸ್ ಆಟಗಾರ ಅಡಗಿ ಕೂತಿರುತ್ತಿದ್ದ. ಇನ್ನೂರೈವತ್ತು ವರ್ಷ ಆದಮೇಲೆ ಅದನ್ನೇ ನನ್ನ ಮಗನಿಗೆ ನಾಳಿನ ತಂತ್ರಜ್ಞಾನ ಅಂತ ಮಾರಿದ್ದಾರೆ.

ವಿಆರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಆರು ಕುರ್ಚಿಯಲ್ಲಿ ನಾಲ್ಕು ಕೆಟ್ಟಿದ್ದವು. ನಮ್ಮ ಸರದಿ ಬಂದಾಗ "12 ವರ್ಷದ ಕೆಳಗಿನವರಿಗೆ ಬಿಡಲ್ಲ" ಅಂದರು. ಸರಿ, ನಿಯಮ ಇರಲಿ. ಮನೆಯಲ್ಲಿ ಆಟಕ್ಕೆ ಬಳಸುವ ಪ್ಲೇಸ್ಟೇಷನ್ ವಿಆರ್‌ಗೂ 12 ವರ್ಷ ಅಂತಲೇ ಇದೆ. ಆದರೆ ಅದನ್ನು ಕೌಂಟರಿನಲ್ಲಿ ಯಾಕೆ ಹೇಳಲಿಲ್ಲ? ಮಗು ಎದುರಿಗೇ ನಿಂತಿತ್ತು, ಅವನಿಗೂ ಪೂರ್ತಿ ದುಡ್ಡು ತಗೊಂಡಿರಿ. ನಮ್ಮನೆಯವರು ಕೂತರು. ಬೋರ್ಡಿನಲ್ಲಿ 10 ನಿಮಿಷ ಅಂತ ಇತ್ತು, ನಾನು ಗಡಿಯಾರ ನೋಡಿದೆ, 4 ನಿಮಿಷಕ್ಕೆ ಮುಗಿಯಿತು. ಎದ್ದವರು ಗೋಡೆ ಹಿಡಿದು ನಿಂತರು, ಹೊಟ್ಟೆ ತೊಳೆಸಿತು. ಕಣ್ಣು ಓಡುತ್ತಿದ್ದೇವೆ ಅನ್ನುತ್ತೆ, ಕಿವಿಯೊಳಗಿನ ಸಮತೋಲನದ ಅಂಗ ಕೂತಿದ್ದೇವೆ ಅನ್ನುತ್ತೆ, ಅದಕ್ಕೆ ಹೀಗಾಗುವುದು. ಮುಂಚೆ ಎಚ್ಚರಿಕೆ ಕೊಟ್ಟಿದ್ದರೆ ಅವರು ಕೂರುತ್ತಲೇ ಇರಲಿಲ್ಲ.

ನಾಳಿನ ಮನೆಯಲ್ಲಿ ಚಪ್ಪಾಳೆ ಹೊಡೆದರೆ ದೀಪ ಹತ್ತುತ್ತೆ. ಮಾತಾಡುವ ಫ್ರಿಜ್ ಮೇಲೆ "ರಿಪೇರಿಯಲ್ಲಿದೆ" ಅಂತ ಚೀಟಿ. ಅಷ್ಟೇ. 1957ರಲ್ಲಿ ಡಿಸ್ನಿಲ್ಯಾಂಡಿನಲ್ಲಿ ಪ್ಲಾಸ್ಟಿಕ್ಕಿನ ಭವಿಷ್ಯದ ಮನೆ ತೆರೆದಾಗ ಜನ ಅಲ್ಲಿ ಮೈಕ್ರೋವೇವ್ ನೋಡಿ ಬೆರಗಾಗಿದ್ದರೆ ಅದಕ್ಕೆ ಅರ್ಥ ಇದೆ, ಆಗ ಅದು ಮನೆಗಳಲ್ಲಿ ತೀರಾ ಅಪರೂಪ. ಆ ಮನೆಯನ್ನೂ ಹತ್ತು ವರ್ಷಕ್ಕೆ ಮುಚ್ಚಿದರು. ಡಿಸ್ನಿಯವರದೇ ಇನ್ನೊಂದು ಪಾರ್ಕ್ ಎಪ್ಕಾಟ್‌ನಲ್ಲಿ 1994ರಲ್ಲಿ ಶುರುವಾದ ಇನ್ನೋವೆನ್ಷನ್ಸ್ ಅನ್ನುವ ಹೊಸ ತಂತ್ರಜ್ಞಾನದ ಪ್ರದರ್ಶನವೂ 2019ರಲ್ಲಿ ಮುಚ್ಚಿತು. ಅಷ್ಟು ದೊಡ್ಡವರಿಗೇ ಇದನ್ನು ಹೊಸದಾಗಿ ಇಟ್ಟುಕೊಳ್ಳುವುದು ಕಷ್ಟ. ಫೋನಿನಲ್ಲಿ ಇರುವುದಕ್ಕಿಂತ ಹೊಸದನ್ನು ಪ್ರತಿ ವರ್ಷ ತರಬೇಕಲ್ವಾ.

ಹೊರಗೆ ಬಂದು ಮೇಲ್ವಿಚಾರಕರನ್ನು ಕೇಳಿದೆ. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ.

"ಮೇಡಂ, ರೋಬೋಟ್ ಮಾತಾಡ್ತು ತಾನೇ?"

ಮಾತಾಡಿದ್ದು ಒಳಗಿದ್ದ ಮನುಷ್ಯ ಅಂದೆ.

"ಎಐ ಅಂತ ಹೇಳಿದ್ದೀವಿ. ಮನುಷ್ಯ ಇರಲ್ಲ ಅಂತ ಎಲ್ಲೂ ಹೇಳಿಲ್ಲವಲ್ಲ."

ತಾನೇ ಯೋಚನೆ ಮಾಡುತ್ತೆ ಅಂದ್ರಲ್ಲ ಅಂದೆ. ಅದು ಸ್ಕ್ರಿಪ್ಟ್ ಮೇಡಂ ಅಂದರು. ಮಗನಿಗೆ ವಿಆರ್ ಬಿಡಲಿಲ್ಲ, ಅದರ ದುಡ್ಡಾದರೂ ಕೊಡಿ ಅಂದೆ. "ಟಿಕೆಟ್ ಹಿಂದೆ ಓದಿ" ಅಂದರು. ಹಿಂದೆ ತಿರುಗಿಸಿದರೆ ಇರುವೆ ಸಾಲಿನಂಥ ಅಕ್ಷರದಲ್ಲಿ "ಎಲ್ಲಾ ಪ್ರದರ್ಶನಗಳೂ ಲಭ್ಯತೆಗೆ ಒಳಪಟ್ಟಿವೆ, ಹಣ ಹಿಂತಿರುಗಿಸುವುದಿಲ್ಲ." ಆ ಟಿಕೆಟ್ ಕೈಗೆ ಬರುವುದು ದುಡ್ಡು ಕೊಟ್ಟ ಮೇಲೆ ತಾನೇ? ಕೊನೆಗೆ ಅವರು ಒಂದು ಮಾತು ಹೇಳಿದರು. "ಮಕ್ಕಳಿಗೆ ಖುಷಿ ಆಯ್ತಲ್ಲ ಮೇಡಂ, ನೀವ್ಯಾಕೆ ಇಷ್ಟು ತಲೆ ಕೆಡಿಸಿಕೊಳ್ತೀರಿ?" ನನ್ನ ಮಗ ಅವರ ಎದುರಿಗೇ ನೆಲ ನೋಡುತ್ತಾ ನಿಂತಿದ್ದ. ಹಿಂದಿನವರು ನಮ್ಮನ್ನೇ ನೋಡುತ್ತಿದ್ದರು. ದುಡ್ಡಿಗಾಗಿ ಜಗಳ ಆಡುವವಳ ಹಾಗೆ ಕಂಡೆ. ನಮ್ಮನೆಯವರು "ಬಾ, ಹೋಗೋಣ" ಅಂದರು.

ಮನೆಗೆ ಬಂದು ಇಮೇಲ್ ಹಾಕಿದೆ. ಆರು ದಿನಕ್ಕೆ ಉತ್ತರ ಬಂತು. ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ, ಪ್ರದರ್ಶನಗಳು ಮನರಂಜನೆಗೆ ಮಾತ್ರ, ಮುಂದಿನ ಭೇಟಿಗೆ ಇದೇ ಹಾಲ್‌ಗೆ ರಿಯಾಯಿತಿ ಕೂಪನ್ ಲಗತ್ತಿಸಿದ್ದೇವೆ. ಇದೇ ಹಾಲ್‌ಗೆ! ನಾನು ಬರೆದದ್ದನ್ನು ಓದಿಯೇ ಇಲ್ಲ.

ಒಂದು ವಿಷಯ ಮಾತ್ರ ಹೇಳಲೇಬೇಕು. ಹೊರಡುವ ಹೊತ್ತಿಗೆ ಮಗ ರೋಲರ್ ಕೋಸ್ಟರ್ ಬೇಲಿಯ ಹತ್ತಿರ ನಿಂತುಬಿಟ್ಟ. ಗಾಡಿ ಮೇಲೆ ಹತ್ತುವಾಗ ಟಕ್ ಟಕ್ ಟಕ್ ಅಂತ ಸದ್ದು ಬರುತ್ತಲ್ಲ, ಅದು ಏನು ಅಂತ ಕೇಳಿದ. ನನಗೆ ಗೊತ್ತಿರಲಿಲ್ಲ. ಅಲ್ಲಿ ಗೇಟ್ ನೋಡಿಕೊಳ್ಳುವ ವಯಸ್ಸಾದವರೊಬ್ಬರು ಕೇಳಿಸಿಕೊಂಡು ಹತ್ತಿರ ಬಂದರು. ಗಾಡಿಗೆ ಎಂಜಿನ್ನೇ ಇಲ್ಲ ಕಣಪ್ಪಾ, ಚೈನ್ ಮೇಲಕ್ಕೆ ಎಳೆಯುತ್ತೆ, ಆಮೇಲೆ ತನ್ನ ಭಾರಕ್ಕೇ ಓಡುತ್ತೆ ಅಂದರು. ಟಕ್ ಟಕ್ ಅನ್ನುವುದು ಗಾಡಿಯ ಅಡಿಯ ಕಬ್ಬಿಣದ ಕೊಕ್ಕೆ, ಹಳಿಯ ಹಲ್ಲಿನಿಂದ ಹಲ್ಲಿಗೆ ಬೀಳುವ ಸದ್ದು. ಚೈನ್ ತುಂಡಾದರೂ ಗಾಡಿ ಹಿಂದಕ್ಕೆ ಜಾರದ ಹಾಗೆ ಅದು ಹಿಡಿಯುತ್ತೆ. ಕೊನೆಯ ಬ್ರೇಕಿನಲ್ಲಿ ಅಯಸ್ಕಾಂತ ಇದೆ, ಲೋಹದ ಪಟ್ಟಿ ಅದರ ನಡುವೆ ಓಡಿದರೆ ತಾನೇ ತಡೆ ಹುಟ್ಟುತ್ತೆ, ಕರೆಂಟ್ ಹೋದರೂ ವೇಗ ಇಳಿಯುತ್ತೆ. ಎಲ್ಲವನ್ನೂ ಬೆರಳು ಮಾಡಿ ತೋರಿಸಿದರು. ಮಗ ಬೇಲಿಯ ಕಂಬಿಗೆ ಮುಖ ಒತ್ತಿ, ಚಕ್ರ ಹಳಿಯ ಕೆಳಗೂ ಇದೆಯಲ್ಲ ಅಂತ ತಾನೇ ಕಂಡುಹಿಡಿದ. ಅಷ್ಟರಲ್ಲಿ ಸಾಲು ಮುಚ್ಚಿದ್ದರು. ಅದರಲ್ಲಿ ಕೂರುವುದಕ್ಕೆ ಆಗಲಿಲ್ಲ. ಹಾಲ್‌ನ ಸಾಲಿನಲ್ಲಿ ಕಳೆದ ಆ ಐವತ್ತು ನಿಮಿಷ!

ಹೋಗಲೇಬೇಕು ಅನ್ನುವವರು ರೈಡ್ ಮೊದಲು ಮುಗಿಸಿ. ಹಾಲ್ ಗೇಟ್ ಟಿಕೆಟ್‌ನಲ್ಲೇ ಸೇರಿದ್ದರೆ ಒಂದು ಸುತ್ತು ಹಾಕಿ ಬನ್ನಿ, ಬೇರೆ ದುಡ್ಡು ಕೇಳಿದರೆ ಬೇಡ. ತಗೊಂಡರೂ, ಇವತ್ತು ಏನು ಕೆಟ್ಟಿದೆ, ಮಕ್ಕಳಿಗೆ ಎಷ್ಟು ವಯಸ್ಸಾಗಿರಬೇಕು, ರೋಬೋಟ್ ಹಿಂದೆ ಯಾರಿದ್ದಾರೆ ಅಂತ ಒಂದೊಂದಾಗಿ ಕೇಳಿ. "ಎಲ್ಲಾ ಲೈವ್" ಅಂದರೆ ಒಪ್ಪಬೇಡಿ. ಮಕ್ಕಳು ಕಲಿಯಬೇಕು ಅಂತಿದ್ದರೆ ವಿಜ್ಞಾನ ಸಂಗ್ರಹಾಲಯಕ್ಕೆ ಹೋಗಿ. ಅಲ್ಲಿ ಹೇಗೆ ಅಂತ ಹೇಳುತ್ತಾರೆ, ಹಿಡಿಕೆ ತಿರುಗಿಸೋಕೆ ಬಿಡುತ್ತಾರೆ.

ತಮ್ಮನ ಟಿಕೆಟ್ ರದ್ದಾಗಲಿಲ್ಲ. ತಾರೀಖು ಬದಲಾಯಿಸಬಹುದು, ದುಡ್ಡು ವಾಪಸ್ ಇಲ್ಲ ಅಂದರಂತೆ. ಅವನು ನನ್ನನ್ನು ಬೈಯಲಿಲ್ಲ. "ಮುಂಚೆ ಹೇಳಬಾರದಿತ್ತಾ ಅಕ್ಕಾ" ಅಂದ, ಅಷ್ಟೇ.

ಹೇಳಬೇಕಿತ್ತು. ಆವತ್ತೂ ಹೇಳಬೇಕಿತ್ತು. ನಾವು ಹಾಲ್‌ನಿಂದ ಹೊರಗೆ ಬರುವಾಗ ಸಾಲಿನಲ್ಲಿದ್ದ ಒಬ್ಬರು ನನ್ನನ್ನು ನಿಲ್ಲಿಸಿ "ಚೆನ್ನಾಗಿದೆಯಾ?" ಅಂತ ಕೇಳಿದರು. ಮೋಸ ಹೋದೆವು ಅಂತ ಹೇಳೋಕೆ ಬಾಯಿ ಬರಲಿಲ್ಲ. "ಪರವಾಗಿಲ್ಲ" ಅಂದುಬಿಟ್ಟೆ. ಅವರು ಕೌಂಟರ್ ಕಡೆ ಹೋದರು. ಜೊತೆಗೆ ಇಬ್ಬರು ಮಕ್ಕಳಿದ್ದರು.