ಎಡಿಎಚ್‌ಡಿ ಮಗುವಿನ ಸಂಜೆ: ಎರಡನೇ ಮಾತ್ರೆಯೋ, ಓಡಿ (ದಿನಕ್ಕೊಂದೇ) ಮಾತ್ರೆಯೋ, ಹುಣಸೆ ಬೀಜವೋ?

ಎಡಿಎಚ್‌ಡಿ ಅಂದರೆ ಗಮನ ನಿಲ್ಲದ, ಕೂತಲ್ಲಿ ಕೂರಲಾಗದ ತೊಂದರೆ. ಮೊದಲೇ ಹೇಳಿಬಿಡುವೆ, ನನ್ನ ಓಟು ಹುಣಸೆ ಬೀಜದ ಬಾಟಲಿಗೆ, ಅಂದರೆ ಹೇಳಿದ ಕೆಲಸ ಮಾಡಿದ ಮಗುವಿಗೆ ಕೂಡಲೇ ಬೀಜ ಎಣಿಸಿ ಕೊಡುವ ಬಹುಮಾನದ ಆಟಕ್ಕೆ. ಬೆಳಗಿನ ಮಾತ್ರೆ ಬಿಡಿಸಿ ಅಂತಲ್ಲ, ಅದರ ಜೊತೆಗೇ. ಪಕ್ಷಪಾತ ಇದ್ದೇ ಇದೆ ಎಂದು ತಿಳಿದೇ ಮುಂದೆ ಓದಿ.

"ಟ್ರೀಟ್‌ಮೆಂಟ್ ಕೆಲಸ ಮಾಡ್ತಿಲ್ಲ" ಎಂದು ಅಪ್ಪ-ಅವ್ವ ಅನ್ನುವ ಮಾತನ್ನು ಒಮ್ಮೆ ಗಡಿಯಾರದ ಪಕ್ಕ ಇಟ್ಟು ನೋಡಬೇಕು. ಎಡಿಎಚ್‌ಡಿಗೆ ಕೊಡುವ ಮಿಥೈಲ್‌ಫೆನಿಡೇಟ್‌ನ ಸಾದಾ ಮಾತ್ರೆ ನುಂಗಿದ ಅರ್ಧ-ಮುಕ್ಕಾಲು ಗಂಟೆಗೆ ಹತ್ತುತ್ತದೆ, ಸುಮಾರು ನಾಲ್ಕು ಗಂಟೆಗೆ ಇಳಿಯುತ್ತದೆ. ಎಂಟೂವರೆಗೆ ರೊಟ್ಟಿ ತಿಂದು ಮಾತ್ರೆ ತಗೊಂಡ ಹುಡುಗನಿಗೆ ಹನ್ನೆರಡೂವರೆಗೆ ಅದರ ಬಲ ಮುಗಿದಿರುತ್ತದೆ. ಅವನು ಸಾಲಿ ಬಿಟ್ಟು ಮನೆ ಸೇರುವುದು ನಾಲ್ಕೂವರೆಗೆ. ಅಂದರೆ ಸೋಮವಾರದಿಂದ ಶುಕ್ರವಾರದ ತನಕ ಅಪ್ಪ-ಅವ್ವ ಆ ಮಾತ್ರೆ ಕೆಲಸ ಮಾಡುವುದನ್ನು ಕಣ್ಣಾರೆ ಕಂಡೇ ಇರುವುದಿಲ್ಲ. ಅವರ ಪಾಲಿಗೆ ಬರುವುದು ಖಾಲಿಯಾದ ಹುಡುಗ. ಮಾತ್ರೆ ಇಳಿಯುವ ಹೊತ್ತಿಗೆ ಕೆಲವು ಮಕ್ಕಳು ಮೊದಲಿಗಿಂತ ಹೆಚ್ಚು ಸಿಡುಕುತ್ತಾರೆ, ಸಣ್ಣದಕ್ಕೂ ಅಳುತ್ತಾರೆ. ಇತ್ತ ಟೀಚರ್ "ಈಗ ಪರವಾಗಿಲ್ರಿ" ಅನ್ನುತ್ತಾರೆ, ಅತ್ತ ಮನೆಯಲ್ಲಿ "ಏನೂ ಆಗಿಲ್ಲ" ಅನ್ನುತ್ತಾರೆ. ಇಬ್ಬರೂ ಹೇಳುತ್ತಿರುವುದು ನಿಜವೇ.

ಹಾಗಾಗಿ ಯಾವ ದಾರಿಗೂ ಮೊದಲು ಒಂದು ವಾರದ ನೋಟ್‌ಬುಕ್ಕು. ದಿನಕ್ಕೊಂದು ಸಾಲು: ಎಷ್ಟು ಹೊತ್ತಿಗೆ ಎದ್ದ, ಮಾತ್ರೆ ಎಷ್ಟು ಗಂಟೆಗೆ, ಅದಕ್ಕೆ ಮುಂಚೆ ಏನು ತಿಂದ, ರಾತ್ರಿ ಎಷ್ಟಕ್ಕೆ ಮಲಗಿದ. ಜೊತೆಗೆ ಬೆಳಿಗ್ಗೆ 10, ಮಧ್ಯಾಹ್ನ 1, ಸಂಜೆ 4, 7 ಮತ್ತು 9ಕ್ಕೆ ಸೊನ್ನೆಯಿಂದ ಮೂರರವರೆಗೆ ಒಂದು ಅಂಕ. ಸೊನ್ನೆ ಅಂದರೆ ತಕರಾರಿಲ್ಲ, ಮೂರು ಅಂದರೆ ಕೈಗೆ ಸಿಗುತ್ತಿಲ್ಲ. 10 ಮತ್ತು 1ರ ಅಂಕ ಟೀಚರಿಂದ ಬರಬೇಕು. ಪೂರ್ತಿ ದಿನ ಮೂರೇ ಬಿದ್ದರೆ ಡೋಸ್ ಸಾಲದು, ಇಲ್ಲವೇ ಔಷಧಿ ಹೊಂದುತ್ತಿಲ್ಲ, ಇಲ್ಲವೇ ಬೇರೇನೋ ಇದೆ. ಬೆಳಿಗ್ಗೆ ಸೊನ್ನೆ, ಸಂಜೆ ಮೂರು ಬಂದರೆ ಔಷಧಿ ಸರಿ ಇದೆ, ಹೊತ್ತು ಸಾಲುತ್ತಿಲ್ಲ. ಈ ಹೋಲಿಕೆ ಈ ಎರಡನೇ ಗುಂಪಿನವರಿಗೆ.

ಮೊದಲ ಗುಂಪಿನವರಿಗೆ ಇಷ್ಟು: ರಕ್ತಹೀನತೆ ನೋಡಿಸಿ, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣಾಂಶದ ಪರೀಕ್ಷೆ) ಕೂಡ. ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಬಾಯಿ ತೆರೆದು ಗೊರಕೆ ಹೊಡೆಯುವ ಮಗುವಾದರೆ ಅಡಿನಾಯ್ಡ್ (ಮೂಗಿನ ಹಿಂದಿನ ಗ್ರಂಥಿ) ತೋರಿಸಿ, ನಿದ್ದೆ ಕೆಟ್ಟ ಮಗು ಹಗಲಲ್ಲಿ ಎಡಿಎಚ್‌ಡಿ ಮಗುವಿನಂತೆಯೇ ಕಾಣುತ್ತದೆ. ಮುಖ್ಯವಾಗಿ ಕಲಿಕಾ ನ್ಯೂನತೆ ಇದೆಯೇ ನೋಡಿಸಿ. ಮಾತ್ರೆಯಿಂದ ಹುಡುಗ ಕೂತಾನು, ಆದರೆ ಒತ್ತಕ್ಷರ ಓದಲು ಬಾರದವನಿಗೆ ಅದು ಓದು ಕಲಿಸುವುದಿಲ್ಲ. ಮಕ್ಕಳ ಬೆಳವಣಿಗೆಯ ತೊಂದರೆ ಬೇಗ ಗುರುತಿಸುವ ಜಿಲ್ಲಾ ಮಟ್ಟದ ಡಿಇಐಸಿ ಕೇಂದ್ರಕ್ಕೆ ಹೋಗಬಹುದು, ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆ ಯೋಜನೆಯಾದ ಆರ್‌ಬಿಎಸ್‌ಕೆ ಪಟ್ಟಿಯಲ್ಲಿ ಎಡಿಎಚ್‌ಡಿ, ಕಲಿಕಾ ನ್ಯೂನತೆ ಎರಡೂ ಇವೆ. ಆದರೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಇರುವುದು ಕಲಿಕಾ ನ್ಯೂನತೆ ಮಾತ್ರ, ಎಡಿಎಚ್‌ಡಿ ಇಲ್ಲ. ಮುಂದೆ ಪರೀಕ್ಷೆಯಲ್ಲಿ ರಿಯಾಯಿತಿ ಕೇಳುವಾಗ ಈ ವ್ಯತ್ಯಾಸ ಕಾಡುತ್ತದೆ.

ದಾರಿ ಒಂದು: ಮಧ್ಯಾಹ್ನಕ್ಕೆ ಇನ್ನೊಂದು ಸಾದಾ ಮಾತ್ರೆ

ಅಗ್ಗ, ನೇರ, ಫಲಿತಾಂಶ ಅದೇ ದಿನ ಗೊತ್ತಾಗುತ್ತದೆ. ಎಡಿಎಚ್‌ಡಿ ಚಿಕಿತ್ಸೆಗಳನ್ನು ಹೋಲಿಸಿದ ಅಮೆರಿಕದ ಎಂಟಿಎ ಅಧ್ಯಯನ (1999, 579 ಮಕ್ಕಳು, 14 ತಿಂಗಳು) ತೋರಿಸಿದ್ದರಲ್ಲಿ ಇದೂ ಒಂದು: ಹೊರಗಿನ ವೈದ್ಯರಲ್ಲಿ ತೋರಿಸಿಕೊಂಡ ಮಕ್ಕಳಲ್ಲೂ ಬಹಳಷ್ಟು ಜನ ಇಂಥದ್ದೇ ಮಾತ್ರೆ ನುಂಗುತ್ತಿದ್ದರು, ಆದರೂ ಅಧ್ಯಯನದೊಳಗೆ ಮಾತ್ರೆ ಪಡೆದ ಮಕ್ಕಳು ಅವರಿಗಿಂತ ಚೆನ್ನಾಗಿ ಸುಧಾರಿಸಿದರು. ಅಧ್ಯಯನದೊಳಗೆ ದಿನಕ್ಕೆ ಮೂರು ಡೋಸ್, ತಿಂಗಳಿಗೊಂದು ಭೇಟಿ, ಟೀಚರಿಂದ ವರದಿ, ಅದಕ್ಕೆ ತಕ್ಕಂತೆ ಡೋಸ್ ಏರಿಳಿತ. ಆರು ತಿಂಗಳಿಂದ ಅದೇ 5 ಮಿಗ್ರಾಂನಲ್ಲಿ ನಿಂತಿರುವ ಮಗುವಿಗೆ "ಟ್ರೀಟ್‌ಮೆಂಟ್ ಸೋತಿತು" ಅನ್ನುವ ಹಾಗಿಲ್ಲ, ಅದಿನ್ನೂ ಶುರುವೇ ಆಗಿಲ್ಲ.

ತೊಡಕು ಸಾಲಿಯಲ್ಲಿ. ಮಧ್ಯಾಹ್ನದ ಊಟದ ಗದ್ದಲದಲ್ಲಿ ಆ ಮಾತ್ರೆ ಕೊಡುವವರು ಯಾರು? ಚೀಲದಲ್ಲಿಟ್ಟು ಕಳಿಸಿದರೆ ಅರ್ಧ ದಿನ ಮರೆತುಹೋಗುತ್ತದೆ, ಇನ್ನರ್ಧ ದಿನ ಪಕ್ಕದವನು "ಏನೋ ಅದು" ಅಂತ ಕೇಳುತ್ತಾನೆ. ಇಂಥ ಮಾತ್ರೆ ಮಗುವಿನ ಕೈಯಲ್ಲಿ ಕೊಡುವುದೂ ತಪ್ಪು. ಹೋಗಲಿ, ಮನೆಗೆ ಬಂದ ಮೇಲೆ ನಾಲ್ಕೂವರೆಗೆ ಕೊಟ್ಟರೆ? ರಾತ್ರಿ ಊಟ ಸೇರುವುದಿಲ್ಲ, ಹತ್ತೂವರೆಯಾದರೂ ಕಣ್ಣು ಮುಚ್ಚುವುದಿಲ್ಲ. ಮಧ್ಯಾಹ್ನದ ಡಬ್ಬಿ ಮೊದಲೇ ತುಂಬಿದ್ದು ತುಂಬಿದ ಹಾಗೆ ವಾಪಸ್ ಬಂದಿರುತ್ತದೆ, ರಾತ್ರಿ ಊಟವೂ ಹೋದರೆ ತೂಕದ ಗತಿ ಏನು? ಪ್ರತಿ ಭೇಟಿಯಲ್ಲಿ ತೂಕ, ಎತ್ತರ, ಬಿಪಿ, ನಾಡಿ ಬರೆಸಿಕೊಳ್ಳಿ.

ದಾರಿ ಎರಡು: ಓಡಿ ಮಾತ್ರೆ, ಮತ್ತು ಅದನ್ನು ಹುಡುಕುವ ಕೆಲಸ

ಕಾಗದದ ಮೇಲೆ ಇದೇ ಗೆಲ್ಲಬೇಕು. ಬೆಳಿಗ್ಗೆ ಒಂದು ನುಂಗಿದರೆ ಎಸ್‌ಆರ್ (ಔಷಧಿಯನ್ನು ನಿಧಾನವಾಗಿ ಬಿಡುವ) ಮಾದರಿ ಸುಮಾರು 8 ಗಂಟೆ, ಆಸ್ಮೋಟಿಕ್ (ಚಿಪ್ಪಿನೊಳಗಿಂದ ಸ್ವಲ್ಪಸ್ವಲ್ಪವೇ ಹೊರಬಿಡುವ) ಮಾದರಿ 10ರಿಂದ 12 ಗಂಟೆ ಎಳೆಯುತ್ತದೆ. ಜಜ್ಜುವ, ಮುರಿಯುವ, ಹಾಲಿನಲ್ಲಿ ಕರಗಿಸುವ ಹಾಗಿಲ್ಲ. ಆಸ್ಮೋಟಿಕ್ ಮಾದರಿಯ ಹೊರಚಿಪ್ಪು ಕರಗದೆ ಮಲದಲ್ಲಿ ಇಡಿಯಾಗಿ ಬೀಳುತ್ತದೆ. ಅದನ್ನು ನೋಡಿ "ಮಾತ್ರೆ ಕರಗೇ ಇಲ್ಲ, ದುಡ್ಡು ನೀರಿಗೆ ಹೋಯ್ತು" ಅಂದುಕೊಳ್ಳುವವರಿದ್ದಾರೆ. ಒಳಗಿನ ಔಷಧಿ ಹೋಗಿರುತ್ತದೆ, ಬಿದ್ದದ್ದು ಬರೀ ಸಿಪ್ಪೆ.

ಇನ್ನು ತಲೆನೋವಿಗೆ ಬರೋಣ. ಮಿಥೈಲ್‌ಫೆನಿಡೇಟ್ ನಮ್ಮ ದೇಶದಲ್ಲಿ ಶೆಡ್ಯೂಲ್ ಎಕ್ಸ್ (ಬಿಗಿ ನಿಯಮದ ಪಟ್ಟಿಯ) ಔಷಧಿ, ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆಯಡಿಯೂ ಬರುತ್ತದೆ. ಶೆಡ್ಯೂಲ್ ಎಕ್ಸ್ ಮಾರಲು ಅಂಗಡಿಯವರಿಗೆ ಬೇರೆಯದೇ ಲೈಸೆನ್ಸ್ ಬೇಕು. ಚೀಟಿ ಎರಡು ಪ್ರತಿ ಬೇಕು, ಒಂದನ್ನು ಅಂಗಡಿಯವರು ಎರಡು ವರ್ಷ ಕಾಯ್ದಿಡಬೇಕು. ಇಷ್ಟೆಲ್ಲ ರಗಳೆಗೆ ತಿಂಗಳಿಗೆ ಎರಡು-ಮೂರು ಗಿರಾಕಿ ಅಂದರೆ ಯಾವ ಅಂಗಡಿಯವರು ಮೈಮೇಲೆ ಹಾಕಿಕೊಳ್ಳುತ್ತಾರೆ? ಬಡಾವಣೆಯ ಮೆಡಿಕಲ್ ಶಾಪಿನಲ್ಲಿ ಹೆಸರು ಹೇಳಿದರೆ "ಅದು ನಮ್ಮಲ್ಲಿ ಬರಂಗಿಲ್ರಿ" ಅನ್ನುವುದು ಇದಕ್ಕೇ. ವಾಟ್ಸಾಪಿನ ಫೋಟೊ ನಡೆಯದು, ಹಳೆ ಚೀಟಿ ನಡೆಯದು, ಮನೆಗೆ ತರಿಸುವ ಆ್ಯಪ್‌ಗಳ ಮಾತೂ ಬೇಡ.

ಸಾದಾ ಮಾತ್ರೆಗೂ ಇದೇ ನಿಯಮ. ಆದರೆ ಓಡಿಯಲ್ಲಿ ಇನ್ನೊಂದು ಸುತ್ತು ಹೆಚ್ಚು: ಬರೆದದ್ದು 18 ಮಿಗ್ರಾಂ ಆಸ್ಮೋಟಿಕ್, ಅಂಗಡಿಯಲ್ಲಿ ಇರುವುದು 20 ಮಿಗ್ರಾಂ ಎಸ್‌ಆರ್. ಎರಡೂ ಒಂದೇ ಅಂದುಕೊಂಡು ತಂದರೆ ಕೆಲಸ ಮಾಡುವ ಹೊತ್ತೇ ಬೇರೆಯಾಗುತ್ತದೆ, ಸಂಜೆ ಮತ್ತೆ ಅದೇ ಕಥೆ. ಸ್ಟಾಕ್ ಇಲ್ಲದೆ ನಾಲ್ಕು ದಿನ ತಪ್ಪಿದರೆ ಆ ನಾಲ್ಕು ದಿನದ ದೂರು ಸಾಲಿಯಿಂದ ಬಂದೇ ಬರುತ್ತದೆ, ಮತ್ತೆ ಔಷಧಿಯ ಮೇಲೇ ತಪ್ಪು.

ದಾಟುವ ಉಪಾಯ: ಡಾಕ್ಟರ್ ಹತ್ತಿರ ಹೋಗುವ ಮುಂಚೆಯೇ ಅಂಗಡಿಗೆ ಹೋಗಿ ಯಾವ ಮಾದರಿ, ಯಾವ ಮಿಗ್ರಾಂ ಕಾಯಂ ತರಿಸುತ್ತಾರೆ ಕೇಳಿ ಬರೆದುಕೊಳ್ಳಿ. ಆ ಪಟ್ಟಿಯನ್ನು ಡಾಕ್ಟರ್ ಮುಂದಿಡಿ. ಚೀಟಿ ಎರಡು ಪ್ರತಿಯಲ್ಲಿ ಬರೆಸಿ, ಮಾತ್ರೆಯ ಹೆಸರು, ಮಿಗ್ರಾಂ, ಒಟ್ಟು ಎಷ್ಟು ಮಾತ್ರೆ, ಸಹಿ, ನೋಂದಣಿ ಸಂಖ್ಯೆ ಎಲ್ಲ ಇದೆಯೇ ಅಲ್ಲೇ ನೋಡಿ. ಡಬ್ಬಿಯಲ್ಲಿ ಹತ್ತು ಮಾತ್ರೆ ಉಳಿದ ದಿನ ಮುಂದಿನದಕ್ಕೆ ಓಡಾಟ ಶುರುವಾಗಬೇಕು, ಮೂರು ಉಳಿದಾಗಲ್ಲ. ಬೆಂಗಳೂರಿನ ನಿಮ್ಹಾನ್ಸ್‌ಗೋ ಧಾರವಾಡದ ಡಿಮ್ಹಾನ್ಸ್‌ಗೋ ಹೋಗುವವರು, ರಾಯಚೂರಿನಿಂದ ಹೈದರಾಬಾದಿನ ರೈಲು ಹತ್ತುವವರು, ಮಾತ್ರೆಯನ್ನು ಅಲ್ಲೇ ಕೊಂಡು ಬರುವುದು ವಾಸಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಾದರಿಯನ್ನು ನಿಮ್ಹಾನ್ಸ್ 1985ರಲ್ಲಿ ಮೊದಲು ಕಟ್ಟಿ ನೋಡಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ. ಒಂದು ಮಾತ್ರೆಗೆ ಇಷ್ಟು ಅಲೆಯುವಾಗ ಆ ಹೆಮ್ಮೆ ಸ್ವಲ್ಪ ಚುಚ್ಚುತ್ತದೆ.

ದಾರಿ ಮೂರು: ಅಟೊಮಾಕ್ಸೆಟಿನ್

ಇದು ಬೇರೆಯದೇ ಔಷಧಿ. ಶೆಡ್ಯೂಲ್ ಎಕ್ಸ್ ಅಲ್ಲ, ಹೇಳಿಟ್ಟರೆ ಸಾಮಾನ್ಯ ಅಂಗಡಿಯವರೂ ತರಿಸಿಕೊಡುತ್ತಾರೆ. ಬೆಳಿಗ್ಗೆ ಕೊಟ್ಟರೂ ಸಂಜೆಯನ್ನೂ ಮುಟ್ಟುತ್ತದೆ. ಆದರೆ ಪೂರ್ತಿ ಬಲ ಕಾಣಲು ನಾಲ್ಕರಿಂದ ಆರು ವಾರ, ಕೆಲವರಿಗೆ ಇನ್ನೂ ಹೆಚ್ಚು. ಹದಿನೈದನೇ ದಿನಕ್ಕೆ ಬೇಸತ್ತು ಬಿಡುವವರೇ ಬಹಳ. ಇನ್ನೊಂದು ಎಡವಟ್ಟು ಡೋಸಿನದು: ತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 0.5 ಮಿಗ್ರಾಂನಿಂದ ಶುರುಮಾಡಿ ಸುಮಾರು 1.2 ಮಿಗ್ರಾಂಗೆ ಏರಿಸುವುದು ರೂಢಿ. 25 ಕಿಲೋ ಮಗುವಿಗೆ 10 ಮಿಗ್ರಾಂ ಬರೀ ಬಾಗಿಲು. ಮುಂದಿನ ಭೇಟಿ ತಪ್ಪಿಸಿಕೊಂಡು ಅದೇ ಹತ್ತನ್ನು ಮೂರು ತಿಂಗಳು ನುಂಗಿಸಿದರೆ ಏನೂ ಗುಣ ಕಾಣುವುದಿಲ್ಲ. ಏರಿಸುವವರು ಡಾಕ್ಟರೇ, ನಾವು "ತೂಕಕ್ಕೆ ಇದು ಸಾಕೇ?" ಎಂದು ಕೇಳಬೇಕು, ಅಷ್ಟೇ.

ಖಾಲಿ ಹೊಟ್ಟೆಗೆ ಕೊಟ್ಟರೆ ವಾಂತಿ. ಕ್ಯಾಪ್ಸೂಲ್ ಬಿಡಿಸಿ ಪುಡಿ ಕೊಡಬೇಡಿ, ಆ ಪುಡಿ ಕಣ್ಣಿಗೆ ತಾಗಿದರೆ ಉರಿ. ಕಣ್ಣು-ಮೈ ಹಳದಿಯಾದರೆ ತಕ್ಷಣ ಆಸ್ಪತ್ರೆ. ಮಗು ಸಾಯುವ ಮಾತಾಡಿದರೂ ಅದೇ ದಿನ ಆಸ್ಪತ್ರೆ, ಹೊತ್ತಲ್ಲದ ಹೊತ್ತಾದರೆ ಟೆಲಿ-ಮಾನಸ್ ಸಹಾಯವಾಣಿ 14416.

ಸಂಜೆಗೆ ಕ್ಲೊನಿಡಿನ್ ಎಂಬ ಇನ್ನೊಂದು ಔಷಧಿ ಕೊಡುವುದೂ ಉಂಟು. ಅದನ್ನು ಒಮ್ಮೆಲೇ ನಿಲ್ಲಿಸಬಾರದು, ಬಿಪಿ ಏರುತ್ತದೆ. ನೆನಪಿನ ಶಕ್ತಿಯ ಸಿರಪ್ಪುಗಳಿಗೆ ಒಂದು ಸಾಲೂ ದಂಡ. ಹುಲಿಗೆಮ್ಮನಿಗೆ ಹರಕೆ ಇದ್ದರೆ ತೀರಿಸಿ ಬನ್ನಿ, ಆ ದಿನವೂ ಮಾತ್ರೆ ತಪ್ಪಬಾರದು.

ದಾರಿ ನಾಲ್ಕು: ಹುಣಸೆ ಬೀಜ

ಎರಡು ಗಾಜಿನ ಬಾಟಲಿ, ನೂರು ಹುಣಸೆ ಬೀಜ. ಒಂದು ಬಾಟಲಿ ದೊಡ್ಡವರದು, ಇನ್ನೊಂದು ಮಗುವಿನದು. ಗೋಡೆಗೆ ಅಂಟಿಸುವ ಸ್ಟಾರ್ ಚಾರ್ಟಿಗಿಂತ ಇದು ಮೇಲು, ಬೀಜ ಬಿದ್ದರೆ ಟಣ್ ಅನ್ನುತ್ತದೆ, ಕೈಗೆ ಸಿಗುತ್ತದೆ, ಎಣಿಸಬಹುದು. ಎಡಿಎಚ್‌ಡಿ ಮಗುವಿಗೆ ಭಾನುವಾರ ಸಿಗುವ ಸೈಕಲ್ಲಿಗಿಂತ ಈ ಕ್ಷಣದ ಟಣ್ ದೊಡ್ಡದು. ತಡವಾಗಿ ಬರುವ ಬಹುಮಾನ ಅವರ ತಲೆಯಲ್ಲಿ ಬೇಗ ಬೆಲೆ ಕಳೆದುಕೊಳ್ಳುತ್ತದೆ.

ನಿಯಮ ಮೂರೇ ಇರಲಿ, ಮೂರೂ "ಮಾಡು" ಅನ್ನುವಂಥವು. ಮೊದಲ ಕರೆಗೆ ಬಂದರೆ 2 ಬೀಜ. ಹತ್ತು ನಿಮಿಷ ಕೂತು ಬರೆದರೆ 2. ಮಲಗುವ ಮುಂಚೆ ಪಾಟಿಚೀಲ ತುಂಬಿದರೆ 1. ಇವುಗಳಲ್ಲಿ ಒಂದಾದರೂ ಅವನು ಈಗಾಗಲೇ ಬಹುತೇಕ ಮಾಡುವಂಥದ್ದಿರಬೇಕು, ಇಲ್ಲದಿದ್ದರೆ ಮೊದಲ ಸಂಜೆಯೇ ಬಾಟಲಿ ಖಾಲಿ, ಆಟ ಮುಗಿಯಿತು. "ಗಲಾಟೆ ಮಾಡಬಾರದು" ಅನ್ನುವುದು ನಿಯಮವಲ್ಲ, ಅದನ್ನು ಎಣಿಸುವುದು ಹೇಗೆ? ಕರೆಯುವುದೂ ಅಡುಗೆಮನೆಯಿಂದ ಕೂಗಿ ಅಲ್ಲ. ಕೈಗೆ ಎಟುಕುವಷ್ಟು ಹತ್ತಿರ ಹೋಗಿ, ಒಂದೇ ಮಾತು ಹೇಳಿ, ಮನಸ್ಸಿನಲ್ಲಿ ಐದು ಎಣಿಸಿ.

ಬೀಜ ಕೂಡಲೇ, ಬೀಜಕ್ಕೆ ಬದಲು ಬಹುಮಾನ ಅದೇ ಸಂಜೆ. 5 ಬೀಜಕ್ಕೆ ಕಾಲು ಗಂಟೆ ಕ್ರಿಕೆಟ್ ಅಥವಾ ಮೊಬೈಲು. 40 ಕೂಡಿಟ್ಟರೆ ಶನಿವಾರ ಒಗ್ಗರಣಿ-ಮಿರ್ಚಿ. ಹತ್ತು ನಿಮಿಷ ಅಳೆಯಲು ಮೊಬೈಲ್ ಹಿಡಿಯಬೇಡಿ, ಅಡುಗೆಮನೆಯ ಟೈಮರ್ ಸಾಕು. ಹತ್ತು ನಿಮಿಷ ಬರೆದ ಮೇಲೆ ಮೂರು ನಿಮಿಷ ಎದ್ದು ಓಡಲಿ.

ಎಲ್ಲಿ ಕೆಡುತ್ತದೆ? ಸಿಟ್ಟು ಬಂದಾಗ ಗಳಿಸಿದ ಬೀಜ ಕಿತ್ತುಕೊಳ್ಳುವಲ್ಲಿ ಕೆಡುತ್ತದೆ. ಮೊದಲ ಎರಡು ವಾರ ಒಂದು ಬೀಜವನ್ನೂ ವಾಪಸ್ ಪಡೆಯಬೇಡಿ. ಅಜ್ಜಿಯ ಹತ್ತಿರವೂ ಕೆಡುತ್ತದೆ: "ಪಾಪ, ಕೂಸು" ಅಂತ ಬೀಜವಿಲ್ಲದೆ ಮೊಬೈಲ್ ಕೊಟ್ಟರೆ ಬಾಟಲಿಗೆ ಬೆಲೆ ಎಲ್ಲಿಯದು? ಅಜ್ಜಿಯನ್ನೇ ಬ್ಯಾಂಕಿನವಳನ್ನಾಗಿ ಮಾಡಿ, ಎಣಿಸಿ ಕೊಡುವ ಕೆಲಸ ಆಕೆಯದು. ಮೂರನೇ ವಾರಕ್ಕೆ ಮಗುವಿಗೆ ಬೇಜಾರು ಬರುತ್ತದೆ. ಆಗ ನಿಯಮ ಹಾಗೇ ಇರಲಿ, ಬಹುಮಾನ ಬದಲಿಸಿ. ಇನ್ನು, ಕಿರುಚಾಟಕ್ಕೆ ಗಮನ ಕೊಡದೆ ಸುಮ್ಮನಿದ್ದರೆ ಮೊದಲ ವಾರ ಕಿರುಚಾಟ ಹೆಚ್ಚಾಗುತ್ತದೆ. ಅದು ಸೋಲಲ್ಲ, ಆರನೇ ದಿನ ಮಣಿದು ಮೊಬೈಲ್ ಕೊಟ್ಟರೆ ಮಾತ್ರ ಸೋಲು, ಜೋರಾಗಿ ಕಿರುಚಿದರೆ ಸಿಗುತ್ತದೆ ಎಂದು ಕಲಿಸಿದಂತಾಯಿತು.

ಬೀಜದಿಂದ ತರಗತಿಯ ಗಮನ ಹೆಚ್ಚುವುದಿಲ್ಲ. ಅದಕ್ಕೆ ಬೆಳಗಿನ ಮಾತ್ರೆಯೇ ಬೇಕು.

ನಮ್ಮ ಲೆಕ್ಕ

ಸಂಜೆ ಐದರಿಂದ ಎಂಟರವರೆಗೆ ಮನೆಯಲ್ಲಿ ಒಬ್ಬರು ದೊಡ್ಡವರು ಇದ್ದೇ ಇರುತ್ತಾರೆ, ತಿಂಗಳ ಔಷಧಿ ಖರ್ಚಿಗೆ ಮಿತಿ ಇದೆ, ಮಧ್ಯಾಹ್ನ ಸಾಲಿಗೆ ಹೋಗಿ ಮಾತ್ರೆ ಕೊಟ್ಟು ಬರಲು ಆಗುವುದಿಲ್ಲ. ಇಂಥ ಮನೆಗೆ ಬೆಳಗಿನ ಸಾದಾ ಮಾತ್ರೆ, ಸಂಜೆಗೆ ಬೀಜ. ಇಬ್ಬರೂ ಎಂಟಕ್ಕೆ ಮನೆ ಸೇರುವವರಾದರೆ ಬೀಜ ಎಣಿಸುವವರು ಯಾರು? ಅವರಿಗೆ ಓಡಿ, ಅದೂ ಕಾಯಂ ತರಿಸಿಕೊಡುವ ಅಂಗಡಿ ಸಿಕ್ಕಿದ ಮೇಲೆ. ಅಂಗಡಿ ಸಿಗದಿದ್ದರೆ ಅಟೊಮಾಕ್ಸೆಟಿನ್ ಬಗ್ಗೆ ಡಾಕ್ಟರನ್ನು ಕೇಳಿ, ಆರು ವಾರದ ತಾಳ್ಮೆ ಕೈಯಲ್ಲಿ ಹಿಡಿದುಕೊಂಡು. ಎಂಟನೇ ತರಗತಿ ದಾಟಿದ ಹುಡುಗನ ಮುಂದೆ ಹುಣಸೆ ಬೀಜ ಇಟ್ಟರೆ ನಗುತ್ತಾನೆ. ಅಷ್ಟು ಹೊತ್ತಿಗೆ ಟ್ಯೂಷನ್ನು ರಾತ್ರಿ ಎಂಟಕ್ಕೆ ಬಿಡುತ್ತದೆ, ನಮ್ಮ ಪಟ್ಟಿಯಲ್ಲೂ ಓಡಿ ಮೇಲೆ ಬರುತ್ತದೆ.