ಕೆಂಪು ಕುಚ್ಚಲಕ್ಕಿಯೋ, ಬೆಳ್ತಿಗೆಯೋ?

ಕುಮಟಾ, ಅಂಕೋಲಾ ಕಡೆ ಹಿರಿಯರಿಗೆ ಭತ್ತ ಕುದಿಸಿ ಮಾಡಿದ ಕುಚ್ಚಲಕ್ಕಿಯ ಗಂಜಿ ಇಷ್ಟ, ಮಕ್ಕಳಿಗೆ ಭತ್ತ ಕುದಿಸದೆ ಮಾಡಿದ ಬೆಳ್ತಿಗೆಯ ಬಿಳಿ ಅನ್ನವೇ ಬೇಕು. ಕುಚ್ಚಲಕ್ಕಿ ಬಿರುಸು ಎಂಬ ದೂರು ಹೆಚ್ಚಾಗಿ ಬೇಯಿಸುವ ಕ್ರಮದಿಂದ ಬಂದದ್ದು. ನೆನೆಸದೆ, ಬೆಳ್ತಿಗೆಯಂತೆ ಎರಡೂವರೆ ಪಟ್ಟು ನೀರಿಟ್ಟು ಮೂರು ಸೀಟಿಗೆ ಇಳಿಸಿದರೆ ತೌಡಿನ ಪದರ ನೀರನ್ನು ಸಲೀಸಾಗಿ ಒಳಬಿಡುವುದಿಲ್ಲ, ಕಾಳಿನ ನಡು ಗಟ್ಟಿಯೇ ಉಳಿಯುತ್ತದೆ. ಒಂದು ಗಂಟೆ ನೆನೆಸಿ, ಲೋಟ ಅಕ್ಕಿಗೆ ಐದಾರು ಲೋಟ ನೀರಿಟ್ಟು, ತೆರೆದ ಪಾತ್ರೆಯಲ್ಲಿ ಮುಕ್ಕಾಲು ಗಂಟೆ ಬೇಯಿಸಿ. ಬಸಿದ ತಿಳಿ ಚೆಲ್ಲಬೇಡಿ. ಬಿ ವಿಟಮಿನ್‌ಗಳು ಅದರಲ್ಲಿ ಇಳಿದಿರುತ್ತವೆ. ಎರಡೂ ಅಕ್ಕಿ ಬೆರೆಸಿ ಬೇಯಿಸುವುದಂತೂ ಬೇಡ, ಒಂದು ಬೇಯುವಷ್ಟರಲ್ಲಿ ಇನ್ನೊಂದು ಮುದ್ದೆಯಾಗುತ್ತದೆ.

ಭತ್ತ ಕುದಿಸುವಾಗ ವಿಟಮಿನ್ ಕಾಳಿನೊಳಕ್ಕೆ ಸೇರುತ್ತದೆ, ತೌಡು ಉಳಿದರೆ ನಾರೂ ಸಿಗುತ್ತದೆ. ಬೆಳ್ತಿಗೆಗೆ ಪಾಲಿಶ್ ಹೊಡೆದಾಗ ಎರಡೂ ಬಹುಪಾಲು ಹೋಗುತ್ತವೆ. ಆದರೆ ಪಿಷ್ಟ ಹೆಚ್ಚುಕಮ್ಮಿ ಸಮ. ಸಕ್ಕರೆ ಕಾಯಿಲೆಯವರು ಕೆಂಪಕ್ಕಿಯೆಂದು ಎರಡು ಸಲ ಬಡಿಸಿಕೊಳ್ಳಬಾರದು.

ಕೊಳ್ಳುವಾಗ ಕಾಳಿನ ಮೇಲೆ ಬರೀ ಕೆಂಪು ಗೆರೆ ಉಳಿದಿದ್ದರೆ ಅದೂ ಪಾಲಿಶ್ ಆದದ್ದೇ. ತೌಡಿನ ಎಣ್ಣೆ ಕಮಟುತ್ತದೆ, ಒಂದೆರಡು ತಿಂಗಳಿಗಾಗುವಷ್ಟೇ ತನ್ನಿ. ಅಘನಾಶಿನಿ ನದಿಯ ಗಜನಿ (ಹಿನ್ನೀರು ನುಗ್ಗುವ ತಗ್ಗು) ಗದ್ದೆಗಳಲ್ಲಿ ಉಪ್ಪುನೀರು ತಾಳಿ ಬೆಳೆಯುವ ಕಗ್ಗ ತಳಿಯ ಅಕ್ಕಿ ಸಿಕ್ಕರೆ ಖಂಡಿತ ಕೊಳ್ಳಿ.

ದೋಸೆ, ಕಡುಬಿಗೆ ಮಾತ್ರ ಬೆಳ್ತಿಗೆಯೇ ಸರಿ.